ಶರಣಪ್ಪ ಹೂಂ ಅಂದದ್ದು

ಎಲೋಯ್ ಕರ್ಮೋನಾ ಎಂಬ ಹೆಸರನ್ನು ನೀವು ಕೇಳಿರಲಾರಿರಿ. ಕೇಳಿಲ್ಲವೆಂದು ಸಂಕೋಚಪಡಬೇಕಾಗಿಯೂ ಇಲ್ಲ. ಅವನು ಕೊನೆಯ ನಾಲ್ಕು ವರ್ಷ ಆಡಿದ ಎರ್ಲಾಂಗೆನ್ ಊರಿನಲ್ಲೇ ಅರ್ಧ ಜನಕ್ಕೆ ಅವನು ಗೊತ್ತಿರಲಿಲ್ಲ. ಸ್ಪೇನಿನವನು, ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು. ಮೈದಾನದ ನಟ್ಟನಡುವೆ ನಿಂತು ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವ ಮಿಡ್‌ಫೀಲ್ಡರ್. ಗೋಲು ಹೊಡೆದವನ ಹೆಸರನ್ನು ಮೈಕಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಾರೆ. ಅವನ ಕಾಲಿಗೆ ಚೆಂಡು ತಂದುಕೊಟ್ಟವನ ಹೆಸರನ್ನು ಯಾವ ಮಹಾರಾಯ ಕೂಗುತ್ತಾನೆ? ಎಲೋಯ್ ಜೀವಮಾನವೆಲ್ಲ ಮಾಡಿದ್ದು ಈ ಕೊಡುವ ಕೆಲಸವನ್ನೇ.

ಅವನ ಬಗ್ಗೆ ಇಷ್ಟು ವಿವರವಾಗಿ ಬಲ್ಲವನು ಶರಣಪ್ಪ. ಶರಣಪ್ಪ ಇಲಕಲ್ಲ ಕಡೆಯವನು. ಎರ್ಲಾಂಗೆನ್ನಿನ ದೊಡ್ಡ ಕಂಪನಿಯೊಂದರಲ್ಲಿ ಇಂಜಿನಿಯರಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಮಗ ಅಭಿನವ ಚಿಕ್ಕವನಿದ್ದಾಗ ಅವನನ್ನು ಗ್ರೂನ್-ವೈಸ್ ಎಂಬ ಫುಟ್‌ಬಾಲ್ ಕ್ಲಬ್ಬಿಗೆ ಸೇರಿಸಿದ್ದ. ಈ ದೇಶದ ಕ್ಲಬ್ಬಿನವರ ಒಂದು ವರಸೆ ಇದೆ. ಮಗನನ್ನು ಬಿಟ್ಟುಹೋಗಲು ಬಂದ ಅಪ್ಪ ಸುಮ್ಮನೆ ನಿಂತದ್ದು ಕಂಡರೆ ಸಾಕು, ಕೈಗೊಂದು ಕೆಲಸ ಹಚ್ಚಿಬಿಡುತ್ತಾರೆ. ಒಬ್ಬ ಸಾಸೇಜು ಸುಡಬೇಕು, ಒಬ್ಬ ಟಿಕೆಟು ಹರಿಯಬೇಕು. ಶರಣಪ್ಪನ ಪಾಲಿಗೆ ಬಂದದ್ದು ಆಟಗಾರರ ಜರ್ಸಿ, ಬೂಟು, ಟವೆಲುಗಳ ಉಸ್ತುವಾರಿ. ಸಂಬಳವಿಲ್ಲ, ವರ್ಷಕ್ಕೊಮ್ಮೆ ಒಂದು ಜಾಕೆಟ್ಟು ಕೊಡುತ್ತಾರೆ. ಮಗ ಆಟ ಬಿಟ್ಟು ಓದಲು ಹ್ಯಾಂಬರ್ಗಿಗೆ ಹೋದ. ಅಪ್ಪ ಮಾತ್ರ ಜರ್ಸಿ ಮಡಚುತ್ತ ಅಲ್ಲೇ ಉಳಿದ.

ಅವನ ಹೆಂಡತಿ ಬಸಲಿಂಗವ್ವನಿಗೆ ಇದು ಮೈಯೆಲ್ಲ ಉರಿಯುವ ಸಂಗತಿ.

"ಮನ್ಯಾಗ ಒಂದ್ ಟವೆಲ್ ಮಡಚಿಡು ಅಂದ್ರ ಕೈ ಬರೂದಿಲ್ಲ ನಿಮಗ. ಅಲ್ಲಿ ಹೋಗಿ ಕಂಡವರ ಚಡ್ಡಿ ಒಗದು ಒಣಾ ಹಾಕ್ತೀರಿ. ಇಂಜಿನಿಯರ್ ಅಂತ, ಇಂಜಿನಿಯರ್!"

"ಮಷೀನ್ ಒಗಿತೈತಿ, ನಾ ಬರೇ ನೋಡ್ತೀನಿ," ಎಂದು ಶರಣಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಶನಿವಾರ ಅವನನ್ನು ಕಟ್ಟಿಹಾಕಿದರೂ ನಿಲ್ಲುತ್ತಿರಲಿಲ್ಲ.

ಎಲೋಯ್ ಈ ಕ್ಲಬ್ಬಿಗೆ ಬಂದಾಗ ಮೂವತ್ತು ದಾಟಿತ್ತು. ನಾಲ್ಕನೆಯ ದರ್ಜೆಯ ಲೀಗಿಗೆ ಆ ವಯಸ್ಸಿನಲ್ಲಿ ಬರುವವನು ಹತ್ತಲು ಬಂದವನಲ್ಲ, ಇಳಿಯುತ್ತ ಬಂದವನು. ಅವನ ಊರು ಸ್ಪೇನಿನ ಪಶ್ಚಿಮಕ್ಕಿರುವ ದೋನ್ ಬೆನಿತೊ. ಅಪ್ಪ ಫೆರ್ಮಿನ್ ಬಸ್ ಡ್ರೈವರು. ಬೆಳಗಿನ ಮೊದಲ ಬಸ್ಸಿನಲ್ಲಿ ತನ್ನ ಸೀಟಿನ ಹಿಂದೆಯೇ ಮಗನನ್ನು ಕೂರಿಸಿಕೊಂಡು ದೊಡ್ಡ ಊರಿನ ತರಬೇತಿಗೆ ಬಿಟ್ಟು ಬರುತ್ತಿದ್ದ. ಹುಡುಗ ಹದಿನಾಲ್ಕಕ್ಕೆ ಒಂದು ಹೆಸರಾಂತ ಕ್ಲಬ್ಬಿನ ಶಾಲೆ ಸೇರಿದ. ಅಲ್ಲಿಂದ ಈ ಕ್ಲಬ್ಬಿಗೆ ಎರವಲು, ಆ ಕ್ಲಬ್ಬಿಗೆ ಎರವಲು. ಮನೆಯಲ್ಲಿ ಬೇಡವಾದ ಕುರ್ಚಿಯನ್ನು ಮದುವೆ ಮನೆಗಳಿಗೆ ಕಳಿಸುವುದಿಲ್ಲವೇ, ಹಾಗೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅಂತೂ ಸ್ಪೇನಿನ ಮೊದಲ ದರ್ಜೆಯಲ್ಲಿ ಒಂದು ವರ್ಷ ಆಡಿದ. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಅಷ್ಟರಲ್ಲಿ ಜರ್ಮನಿಯ ಎರಡನೆಯ ದರ್ಜೆಯಿಂದ ಕರೆ ಬಂತು. ಅಪ್ಪ ಬೇಡವೆಂದ, ಇನ್ನೊಂದು ವರ್ಷ ಕಾಯಿ ಎಂದ. ಮಗ ಕೇಳಲಿಲ್ಲ.

ಎರಡು ವರ್ಷ ಚೆನ್ನಾಗಿಯೇ ಆಡಿದ. ಆಮೇಲೆ ಒಂದು ಚಳಿಗಾಲ ಮೊಣಕಾಲಿನ ಒಳಗಿನ ನರ ಹರಿಯಿತು. ಹೊಲಿದರು, ಮತ್ತೆ ಹರಿಯಿತು. ಅಲ್ಲಿಂದ ಮೂರನೆಯ ದರ್ಜೆ, ಅಲ್ಲಿಂದ ನಾಲ್ಕನೆಯದು. ನಡುವೆ ಒಂದು ಮದುವೆಯೂ ಆಗಿ ಮುರಿದಿತ್ತು. ಇಷ್ಟು ಹೇಳಿದರೆ ಅವನ ವೃತ್ತಿಜೀವನ ಮುಗಿಯಿತು. ಪತ್ರಿಕೆಯವರಾದರೆ ಇದನ್ನೂ ಬರೆಯುತ್ತಿರಲಿಲ್ಲ.

ಆದರೆ ಅವನ ಪಾಸು! ಶರಣಪ್ಪ ಆ ಮಾತು ತೆಗೆದರೆ ಕಣ್ಣು ಅರಳಿಸುತ್ತಿದ್ದ. ಓಡಲಾಗದ ಕಾಲಿಟ್ಟುಕೊಂಡು ಎಲೋಯ್ ನಿಂತಲ್ಲೇ ನಿಂತು ಚೆಂಡು ತಳ್ಳಿದರೆ ಅದು ನಾಲ್ಕು ಜನರ ನಡುವೆ ನುಸುಳಿ ಹೋಗಿ ಬೇಕಾದವನ ಕಾಲಿನ ಮುಂದೆ ಬಂದು ನಿಲ್ಲುತ್ತಿತ್ತು. ಆ ಬೇಕಾದವನು ಅದನ್ನು ಗೋಲಿನ ಮೇಲಿನಿಂದ ರೆಗ್ನಿತ್ಸ್ ನದಿಯ ಕಡೆಗೆ ಒದೆಯುತ್ತಿದ್ದ ಎಂಬುದು ಬೇರೆ ಮಾತು.

ಶರಣಪ್ಪನಿಗೂ ಎಲೋಯ್‌ಗೂ ಗೆಳೆತನ ಕೂಡಿದ್ದು ಊಟದಿಂದ. ಒಂಟಿ ಗಂಡಸು ದಿನವೂ ಪಾಸ್ತಾ ಬೇಯಿಸಿಕೊಂಡು ತಿನ್ನುತ್ತಾನೆಂದು ಗೊತ್ತಾದ ಮೇಲೆ ಶರಣಪ್ಪ ಒಂದು ದಿನ ಅವನನ್ನು ಮನೆಗೆ ಕರೆತಂದ. ಚಡ್ಡಿ ಒಗೆಯುವುದಕ್ಕೆ ಅಷ್ಟು ಬೈದ ಬಸಲಿಂಗವ್ವ ಆ ಹುಡುಗನ ಸೊರಗಿದ ಮುಖ ನೋಡಿದವಳೇ ಜೋಳದ ಹಿಟ್ಟು ತೆಗೆದಳು. ಅವತ್ತಿನಿಂದ ಅವನು ಎಲೋಯಪ್ಪನಾದ.

"ಎಲೋಯಪ್ಪಾ, ಇನ್ನೊಂದ್ ರೊಟ್ಟಿ?"

"ಸಾಕ್ರಿ," ಎನ್ನುವುದನ್ನು ಅವನು ಬೇಗ ಕಲಿತ. ಸಾಕೆಂದರೂ ಇನ್ನೊಂದು ಬೀಳುತ್ತದೆ ಎನ್ನುವುದನ್ನೂ ಕಲಿತ. ಉಳಿದ ಮಾತೆಲ್ಲ ಜರ್ಮನ್ನಿನಲ್ಲಿ. ಶರಣಪ್ಪ ಜರ್ಮನ್ ಆಡಿದರೂ ಅದರ ರಾಗ ಇಲಕಲ್ಲಿನದೇ, ಆದ್ದರಿಂದ ಇಲ್ಲಿ ಅವನ ಮಾತನ್ನು ಅವನ ಧಾಟಿಯಲ್ಲೇ ಬರೆದಿದ್ದೇನೆ.

ಎರ್ಲಾಂಗೆನ್ನಿಗೆ ಬಂದ ಮೊದಲ ವರ್ಷವೇ ಎಲೋಯ್‌ನ ತಾಯಿ ತೀರಿಕೊಂಡಳು. ಹೋದ, ಮಣ್ಣು ಕೊಟ್ಟ. ಅದೇ ಸಂಜೆಯ ವಿಮಾನ ಹತ್ತಿ ಮರುದಿನದ ಪಂದ್ಯಕ್ಕೆ ವಾಪಸು ಬಂದ. ಅಲ್ಲಾ, ನಾಲ್ಕನೆಯ ದರ್ಜೆಯ ಪಂದ್ಯ, ನೋಡುವುದಕ್ಕೆ ಮುನ್ನೂರು ಜನ ಇದ್ದರೆ ಹೆಚ್ಚು! ಆಡದಿದ್ದರೆ ಯಾರೂ ನೇಣಿಗೆ ಹಾಕುತ್ತಿರಲಿಲ್ಲ. ಕ್ಲಬ್ಬಿನವರು ಇರು ಎಂದೇ ಹೇಳಿದ್ದರು. ಆದರೆ ಚಿಕ್ಕಂದಿನಿಂದ ಪಂದ್ಯ ಎಂದರೆ ಹೊರಡಬೇಕು ಎನ್ನುವುದನ್ನು ಬಿಟ್ಟು ಬೇರೇನೂ ಕಲಿಯದ ಮನುಷ್ಯ, ಹೊರಟುಬಿಟ್ಟ. ಅಪ್ಪ ಫೆರ್ಮಿನ್ ಬಾಗಿಲಿನ ತನಕ ಬಂದು ಹೇಳಿದನಂತೆ, "ಆಟ ಮುಗಿದ ದಿನ ಬಾ. ಅಲ್ಲಿಯ ತನಕ ನನಗೆ ಫೋನು ಮಾಡಬೇಡ."

ಮಗ ಮಾಡಿದ. ಕ್ರಿಸ್‌ಮಸ್ಸಿಗೆ ಮಾಡಿದ, ಅಪ್ಪನ ಹುಟ್ಟುಹಬ್ಬಕ್ಕೆ ಮಾಡಿದ, ಸುಮ್ಮಸುಮ್ಮನೆ ಮಾಡಿದ. ಮುದುಕ ಎತ್ತಲಿಲ್ಲ. ತಂಗಿ ಮಾರಿಸೋಲ್ ನಡುವೆ ಕೂತು ಇಬ್ಬರಿಗೂ ಹೇಳಿ ಹೇಳಿ ಸೋತಳು. ಹಾಗಿದ್ದರೆ ಆಟ ಬಿಟ್ಟು ಹೋಗಬಾರದಿತ್ತೇ ಎಂದು ನೀವು ಕೇಳುತ್ತೀರಿ. ಶರಣಪ್ಪನೂ ಕೇಳಿದ್ದ. "ಬಿಟ್ಟು ಹೋಗಿ ಏನು ಮಾಡಲಿ? ನನಗೆ ಬೇರೆ ಏನು ಬರುತ್ತದೆ?" ಎಂದಿದ್ದ ಎಲೋಯ್. ಮೂರು ವರ್ಷ ಅವನಿಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಒಮ್ಮೆ ತಾನಾಗಿ ಫೋನು ಮಾಡಬೇಕು, ಆ ದನಿ ಒಮ್ಮೆ ಕಿವಿಗೆ ಬೀಳಬೇಕು.

ಪಂದ್ಯದ ದಿನ ಆಟಗಾರರೆಲ್ಲ ಫೋನನ್ನು ಶರಣಪ್ಪನ ಕೈಯ ಬಟ್ಟೆ ಚೀಲಕ್ಕೆ ಹಾಕಿ ಒಳಗೆ ಹೋಗಬೇಕು, ಅದು ಕೋಚ್ ಮಾಡಿದ ನಿಯಮ. ಎಲ್ಲರೂ ಫೋನಿನ ಸದ್ದು ಅಡಗಿಸಿ ಹಾಕುತ್ತಿದ್ದರು. ಎಲೋಯ್ ಮಾತ್ರ ಸದ್ದು ಹೆಚ್ಚಿಸಿ ಕೈಗೆ ಕೊಡುತ್ತಿದ್ದ.

"ಅಪ್ಪ ಮಾಡಿದರೆ ಕೂಗಿ. ಆಟದ ನಡುವೆ ಆದರೂ ಸರಿ, ಪೆನಾಲ್ಟಿ ಒದೆಯುತ್ತಿದ್ದರೂ ಸರಿ. ಬಿಟ್ಟು ಬರುತ್ತೇನೆ."

"ಆತು, ಕೂಗ್ತೀನಿ ಬಿಡಪಾ," ಎನ್ನುತ್ತಿದ್ದ ಶರಣಪ್ಪ. ಪ್ರತಿ ಪಂದ್ಯಕ್ಕೂ ಇದೇ ಮಾತು, ಇದೇ ಉತ್ತರ. ಫೋನು ಮಾತ್ರ ಬರಲಿಲ್ಲ.

ಕಡೆಗೆ ಎಲೋಯ್‌ಗೆ ಮೂವತ್ತೈದು ತುಂಬಿತು, ಮೊಣಕಾಲು ಸಾಕೆಂದಿತು. ಮೇ ತಿಂಗಳಿನ ಕೊನೆಯ ಪಂದ್ಯವೇ ತನ್ನ ಕೊನೆಯ ಪಂದ್ಯ ಎಂದು ಹೇಳಿದ. ಮರುದಿನ ಬೆಳಗಿನ ವಿಮಾನಕ್ಕೆ ಟಿಕೆಟು ಮಾಡಿಸಿದ. ಪಂದ್ಯದ ಹಿಂದಿನ ಸಂಜೆ ಬಸಲಿಂಗವ್ವನ ಅಡುಗೆಮನೆಯಲ್ಲಿ ಕೂತು ಮಗುವಿನ ಹಾಗೆ ನಗುತ್ತ ಹೇಳಿದ, "ಬಾಗಿಲು ತಟ್ಟುತ್ತೇನೆ. ಅಪ್ಪ ತೆಗೆಯುತ್ತಾರೆ. ಆಟ ಮುಗಿಯಿತಪ್ಪಾ, ಬಂದೆ ಎನ್ನುತ್ತೇನೆ. ಆಗ ಏನು ಮಾಡುತ್ತಾರೆ? ಮಾತಾಡಲೇಬೇಕಲ್ಲ?"

"ಮಾತಾಡ್ದೆ ಏನ್ ಮಾಡ್ಯಾರು? ಹೆತ್ತ ಕರಳದು," ಎಂದಳು ಬಸಲಿಂಗವ್ವ. ಶರಣಪ್ಪ ಜರ್ಮನ್ನಿನಲ್ಲಿ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಅವನ ಬೆನ್ನು ತಟ್ಟಿದ.

ಆ ಪಂದ್ಯ ಗೆಲ್ಲದಿದ್ದರೆ ಗ್ರೂನ್-ವೈಸ್ ಐದನೆಯ ದರ್ಜೆಗೆ ಬೀಳುತ್ತಿತ್ತು. ಹೀಗಾಗಿ ಮುನ್ನೂರರ ಜಾಗದಲ್ಲಿ ಸಾವಿರ ಜನ ಸೇರಿದ್ದರು. ಎರಡನೆಯ ಅರ್ಧದ ಹೊತ್ತಿಗೆ ಎರಡೂ ಕಡೆ ಒಂದೊಂದು ಗೋಲು. ಕೋಚ್ ಬದಲಿ ಆಟಗಾರರನ್ನೆಲ್ಲ ಇಳಿಸಿಯಾಗಿತ್ತು. ಇನ್ನು ಯಾರಾದರೂ ಹೊರಗೆ ಬಂದರೆ ಹತ್ತೇ ಜನರಲ್ಲಿ ಆಡಬೇಕು. ಶರಣಪ್ಪ ಒಣಗಿದ ಟವೆಲು ತರಲೆಂದು ನೆಲಮಾಳಿಗೆಯ ಸಾಮಾನಿನ ಕೋಣೆಗೆ ಇಳಿದಿದ್ದ. ಒಣಗಿಸುವ ಮಷೀನು ಗುಂಯ್ ಎನ್ನುತ್ತಿತ್ತು. ಆ ಕೋಣೆಗಿದ್ದದ್ದು ಮೈದಾನದ ನೆಲಕ್ಕೆ ಸಮನಾದ ಒಂದು ಸಣ್ಣ ಕಿಟಕಿ. ಅದರೊಳಗಿಂದ ನೋಡಿದರೆ ಆಟಗಾರರ ಕಾಲು ಮಾತ್ರ ಕಾಣುತ್ತವೆ.

ಜೊತೆಗೇ ತಂದಿದ್ದ ಚೀಲದೊಳಗೆ ಎಲೋಯ್‌ನ ಫೋನು ರಿಂಗಾಯಿತು. ತೆಗೆದು ನೋಡಿದರೆ ಪರದೆಯ ಮೇಲೆ 'ಪಾಪಾ' ಎಂದಿದೆ. ಅಪ್ಪ! ಮೂರು ವರ್ಷ ಕಾದ ಫೋನು.

ಎತ್ತಿದ. "ಎಲೋಯ್..." ಎಂದ ಶರಣಪ್ಪ. ಎಲೋಯ್ ಆಡುತ್ತಿದ್ದಾನೆ, ಒಂದು ನಿಮಿಷ, ಕರೆಯುತ್ತೇನೆ ಎಂದು ಹೇಳಬೇಕಿತ್ತು. ತನಗೆ ಸ್ಪ್ಯಾನಿಷ್ ಬರುವುದಿಲ್ಲ, ಮುದುಕನಿಗೆ ಜರ್ಮನ್ ಬರುವುದಿಲ್ಲ. "ಎಲೋಯ್... ಎಲೋಯ್..." ಎಂದು ಇನ್ನೊಮ್ಮೆ ತಡವರಿಸಿದ. ಆಚೆ ಕಡೆ ಫೆರ್ಮಿನ್. ನಲವತ್ತು ವರ್ಷ ಬಸ್ಸಿನ ಇಂಜಿನ್ನಿನ ಪಕ್ಕ ಕೂತು ಕಿವಿ ಮಂದವಾದವನು. ಮಗನ ಹೆಸರು ಕೇಳಿಸಿತು, ಮಗನೇ ಎಂದುಕೊಂಡ. ಮಾತು ಶುರು ಮಾಡಿಬಿಟ್ಟ.

ಆ ಮಾತು ಬರುತ್ತಿದ್ದ ರೀತಿ ಹೇಗಿತ್ತೆಂದರೆ, ಒಂದು ಪದ, ಆಮೇಲೆ ಉಸಿರು, ಮತ್ತೊಂದು ಪದ, ಮತ್ತೆ ಉಸಿರು. ಬಾವಿಯ ತಳದಿಂದ ಕೊಡ ಎಳೆದಂತೆ ಒಂದೊಂದನ್ನೂ ಎಳೆದು ತರುತ್ತಿದ್ದ. ನಡುವೆ ಬಾಯಿ ಹಾಕಲು ಶರಣಪ್ಪನಿಗೆ ನಾಲಿಗೆ ಏಳಲಿಲ್ಲ. ಹಿರಿಯ ಜೀವ, ಇಷ್ಟು ಕಷ್ಟಪಟ್ಟು ಆಡುತ್ತಿದೆ, ಅಡ್ಡ ಬರುವುದು ಹೇಗೆ? ನಮ್ಮ ಕಡೆ ಹಿರಿಯರು ಮಾತಾಡುವಾಗ ಎದುರು ಆಡಬಾರದು, ಸುಮ್ಮನೆಯೂ ಇರಬಾರದು. ಸುಮ್ಮನಿದ್ದರೆ ಕೇಳುತ್ತಿಲ್ಲವೆಂದು ಅವರು ನಿಲ್ಲಿಸುತ್ತಾರೆ. ಹೂಂಗುಟ್ಟಬೇಕು. ಮುದುಕ ಉಸಿರಿಗೆ ನಿಂತಾಗ ಶರಣಪ್ಪನ ಬಾಯಿಂದ ತಾನಾಗಿ ಬಂತು.

"ಹೂಂ."

ಮುದುಕನ ದನಿಗೆ ಜೀವ ಬಂತು. ಮುಂದುವರಿಸಿದ.

"ಹೂಂ... ಹೂಂ."

ಜರ್ಮನಿಯವನಾಗಿದ್ದರೆ ತಾನು ಎಲೋಯ್ ಅಲ್ಲ ಎಂದು ಹೇಳಿ ಇಟ್ಟುಬಿಡುತ್ತಿದ್ದ. ಸ್ಪೇನಿನವನಾಗಿದ್ದರೆ ಏನು ಹೇಳುತ್ತಿದ್ದಾನೆಂದಾದರೂ ತಿಳಿಯುತ್ತಿತ್ತು. ಇವನು ಕನ್ನಡದವನು, ತಿಳಿಯದ ಮಾತಿಗೆ ತಲೆಬಾಗಿ ಹೂಂ ಅನ್ನುತ್ತ ನಿಂತ. ಹಾಗೆ ನಿಂತಿದ್ದಾಗಲೇ ಕಿಟಕಿಯಾಚೆ ಎಲೋಯ್‌ನ ಕಾಲು ಬಂದವು. ಸವೆದ ಕರಿ ಬೂಟು, ಬಲ ಮೊಣಕಾಲಿಗೆ ಸುತ್ತಿದ ಪಟ್ಟಿ. ಚೆಂಡು ಹೊರಗೆ ಹೋಗಿತ್ತು, ಎಲೋಯ್ ಕಾಯುತ್ತ ನಿಂತಿದ್ದ. ಗಾಜು ತಟ್ಟಿದರೆ ಸಾಕು, ಬಗ್ಗಿ ನೋಡುತ್ತಿದ್ದ. ಶರಣಪ್ಪ ಕೈ ಎತ್ತಿದ. ಎತ್ತಿದ ಕೈ ಗಾಜಿನ ತನಕ ಹೋಗಿ ನಿಂತಿತು.

ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಏನು ಓಡಿತೆಂಬುದನ್ನು ಆಮೇಲೆ ಸಾವಿರ ಸಲ ನೆನೆದು ನೆನೆದು ಸುಟ್ಟುಕೊಂಡಿದ್ದಾನೆ. ಈಗ ಕರೆದರೆ ಹತ್ತು ಜನ ಆಗುತ್ತಾರೆ, ತಂಡ ಬೀಳುತ್ತದೆ. ಕೊನೆಯ ಪಂದ್ಯದಲ್ಲಿ ಅರ್ಧಕ್ಕೆ ಓಡಿದವನು ಎಂಬ ಮಾತು ಅವನಿಗೆ ಅಂಟುತ್ತದೆ. ಅಪ್ಪ ತಾನಾಗಿ ಫೋನು ಮಾಡಿದನೆಂದ ಮೇಲೆ ಸಿಟ್ಟು ಇಳಿದಂತೆಯೇ ಅಲ್ಲವೇ? ನಾಳೆ ಇಷ್ಟು ಹೊತ್ತಿಗೆ ಇಬ್ಬರೂ ಎದುರುಬದುರು ಕೂತಿರುತ್ತಾರೆ, ಬೇಕಾದಷ್ಟು ಮಾತಾಡಿಕೊಳ್ಳಲಿ. ಇಂಜಿನಿಯರಿನ ಲೆಕ್ಕ ಅದು. ಎಲ್ಲ ಸರಿಯಾಗಿಯೇ ಇತ್ತು.

ಕರಿ ಬೂಟು ಓಡಿಹೋದವು. ಫೋನಿನಲ್ಲಿ ಮುದುಕ ಇನ್ನೂ ಸ್ವಲ್ಪ ಹೊತ್ತು ಮಾತಾಡಿದ. ಆಮೇಲೆ ಫೋನು ನಿಂತಿತು.

ಕೊನೆಗೆ ಎಲೋಯ್ ಕೊಟ್ಟ ಪಾಸಿನಿಂದಲೇ ಗೋಲು ಬಂತು, ಗ್ರೂನ್-ವೈಸ್ ಗೆದ್ದಿತು. ಹುಡುಗರು ಎಲೋಯ್‌ನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಹೂಗುಚ್ಛ ಕೊಟ್ಟರು, ಅಧ್ಯಕ್ಷರು ಭಾಷಣ ಮಾಡಿದರು. ಜರ್ಮನ್ ಅಧ್ಯಕ್ಷರ ಕೈಗೆ ಮೈಕು ಸಿಕ್ಕರೆ ಮುಗಿಯಿತು. ಶರಣಪ್ಪ ಫೋನನ್ನು ಜೇಬಿನಲ್ಲಿ ಬೆಚ್ಚಗೆ ಹಿಡಿದುಕೊಂಡು ಕಾದ. ಸಿಹಿ ಸುದ್ದಿ, ಗದ್ದಲದಲ್ಲಿ ಹೇಳಿ ಕೆಡಿಸುವುದು ಬೇಡ ಎಂದುಕೊಂಡ. ನಗು ತಡೆಯಲಾರದೆ ತುಟಿ ಕಚ್ಚಿಕೊಂಡು ನಿಂತಿದ್ದ, ಪಾಪ.

ಎಲೋಯ್ ಹೂಗುಚ್ಛ ಹಿಡಿದು ಮೆಟ್ಟಿಲಿಳಿದು ಬಂದ ಕೂಡಲೇ ಎರಡೂ ತೋಳು ಹಿಡಿದುಕೊಂಡ.

"ನಿಮ್ಮಪ್ಪ ಫೋನ್ ಮಾಡಿದ್ದಾ! ತಾನಽ ಮಾಡಿದ್ದಾ!"

ಎಲೋಯ್‌ನ ಮುಖದಲ್ಲಿ ಮೊದಲು ಬೆಳಕು ಬಂತು. ಆಮೇಲೆ ಕೇಳಿದ, "ಯಾವಾಗ?"

"ನೀ ಆಡಾಕತ್ತಿದ್ದಿ. ಒಂದೊಂದು ಗೋಲ್ ಇತ್ತಲ್ಲ, ಆವಾಗ."

"ನನ್ನನ್ನು ಯಾಕೆ ಕೂಗಲಿಲ್ಲ?"

ಶರಣಪ್ಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎಲೋಯ್ ಫೋನು ಕಸಿದುಕೊಂಡು ಅಪ್ಪನ ನಂಬರು ಒತ್ತಿಯಾಗಿತ್ತು. ಎತ್ತಿದವಳು ಮಾರಿಸೋಲ್. ಅವಳು ಅಳುತ್ತಿದ್ದದ್ದು ಶರಣಪ್ಪನಿಗೂ ಕೇಳಿಸಿತು. ಅಳುವಿಗೆ ಭಾಷೆ ಬೇಕೇ? ಎಲೋಯ್ ಗೋಡೆಗೆ ಒರಗಿದ, ಹಾಗೆಯೇ ಜಾರಿ ನೆಲಕ್ಕೆ ಕೂತ. ಹೂಗುಚ್ಛ ಕಾಲಡಿ ಬಿತ್ತು.

ಅಪ್ಪ ಎರಡು ವಾರದಿಂದ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶ ಕೈಕೊಟ್ಟಿತ್ತು. ಎಲೋಯ್‌ಗೆ ಹೇಳಕೂಡದೆಂದು ಮಗಳಿಂದ ಆಣೆ ಮಾಡಿಸಿಕೊಂಡಿದ್ದ. ಕೊನೆಯ ಪಂದ್ಯ, ಆಡಿ ಮುಗಿಸಲಿ, ಬರುತ್ತಾನೆ, ಕಾಯುತ್ತೇನೆ ಎಂದಿದ್ದ. ಆವತ್ತು ಮಧ್ಯಾಹ್ನ ಕಾಯಲಾಗುವುದಿಲ್ಲವೆಂದು ಅವನಿಗೇ ಗೊತ್ತಾಯಿತೇನೋ. ಫೋನು ಕೇಳಿದ, ಮಗಳಿಗೆ ಹೊರಗೆ ಹೋಗು ಎಂದ. ಅವಳು ತಿರುಗಿ ಒಳಗೆ ಬಂದಾಗ ಅಪ್ಪನ ಮುಖ ತಿಳಿಯಾಗಿತ್ತು. "ಮಾತಾಡಿದೆ. ಎಲ್ಲದಕ್ಕೂ ಹೂಂ ಅಂದ," ಎಂದು ಕಣ್ಣು ಮುಚ್ಚಿದ. ಮೈದಾನದಲ್ಲಿ ಭಾಷಣ ನಡೆದಿದ್ದಾಗ ಉಸಿರು ನಿಂತಿತ್ತು.

"ನೀನು ಅವರ ಹತ್ತಿರ ಮಾತಾಡಿದೆಯಲ್ಲ ಅಣ್ಣಾ, ಅಷ್ಟು ಸಾಕು," ಎಂದು ತಂಗಿ ಫೋನಿನಲ್ಲಿ ಅತ್ತಳಂತೆ. ಎಲೋಯ್ ಇಲ್ಲವೆನ್ನಲಿಲ್ಲ. ಎದುರು ನಿಂತಿದ್ದ ಶರಣಪ್ಪನನ್ನು ನೋಡುತ್ತ ಅವಳ ಮಾತು ಕೇಳಿಸಿಕೊಂಡ.

ಮರುದಿನ ಅದೇ ಟಿಕೆಟಿನಲ್ಲಿ ಹೋದ. ಅಪ್ಪನ ಬಾಗಿಲು ತಟ್ಟುವ ಅಗತ್ಯ ಬೀಳಲಿಲ್ಲ, ಸಾವಿನ ಮನೆಯ ಬಾಗಿಲು ತೆರೆದೇ ಇತ್ತು.

ಇತ್ತ ಶರಣಪ್ಪನ ಪಾಡು ನೋಡುವಂತಿರಲಿಲ್ಲ. ಕ್ಲಬ್ಬಿಗೆ ಹೋಗುವುದು ಬಿಟ್ಟ. ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತಿದ್ದ, ಬರುತ್ತಿದ್ದ, ಗೋಡೆ ನೋಡುತ್ತ ಕೂರುತ್ತಿದ್ದ. ಹ್ಯಾಂಬರ್ಗಿನ ಮಗನಿಗೆ ಫೋನು ಮಾಡಿ ಎಲ್ಲ ಹೇಳಿದ. "ಯಾ, ಪಾಪಾ. ಯಾ," ಎಂದ ಅಭಿನವ, ಜರ್ಮನ್ನರ ಹೂಂ ಅದು. ಮಗ ಕೇಳುತ್ತಿದ್ದಾನೋ ಇಲ್ಲವೋ ಎಂದು ಶರಣಪ್ಪನಿಗೆ ತಿಳಿಯಲಿಲ್ಲ. ಫೋನಿಟ್ಟು ಅತ್ತ. ಐವತ್ತಾರರ ಗಂಡಸು ಹೆಂಡತಿಯ ಮುಂದೆ ಸೊರಸೊರ ಮೂಗು ಸೇದುತ್ತ ಅತ್ತ.

"ಎಷ್ಟಂತ ಅಳ್ತೀರಿ? ನೀವೇನ್ ಬೇಕಂತ ಮಾಡೀರೇನು?" ಎಂದಳು ಬಸಲಿಂಗವ್ವ.

"ಕೂಗು ಅಂದಿದ್ದಾ. ಅದೊಂದಽ ಹೇಳಿದ್ದಾ ಅಂವ ನನಗ. ಮೂರು ವರ್ಷ ಅದನ್ನಽ ಹೇಳಿದ್ದಾ."

ಅವಳು ಸೆರಗಿನ ತುದಿ ಹೊಸೆದಳು. "ಅಂವ ಬಂದು ಕೇಳಿದ್ರ ಒಂದ್ ಸುಳ್ಳು ಹೇಳಿಬಿಡ್ರಿ. ನಿಮ್ಮಪ್ಪ ಚೊಲೋ ಮಾತು ಆಡಿದಾ, ಆಶೀರ್ವಾದ ಮಾಡಿದಾ ಅಂತ ಹೇಳ್ರಿ. ಆ ಕೂಸಿನ ಜೀವಕ್ಕ ತಂಪಾಗ್ತೈತಿ."

"ನನಗ ಆ ಭಾಷಾ ಬರೂದಿಲ್ಲ ಅಂತ ಅವಗ ಗೊತ್ತಿಲ್ಲೇನು?"

ಬಸಲಿಂಗವ್ವ ಎದ್ದು ಹೋಗಿ ಒಲೆ ಹಚ್ಚಿದಳು.

ಜೂನ್ ಕೊನೆಗೆ ಎಲೋಯ್ ಬಾಡಿಗೆ ಮನೆ ಖಾಲಿ ಮಾಡಲೆಂದು ಎರ್ಲಾಂಗೆನ್ನಿಗೆ ಬಂದ. ಬೀಗದ ಕೈ ಕೊಟ್ಟು ಮುಗಿಸಿ ಮಧ್ಯಾಹ್ನ ಇವರ ಮನೆಗೆ ಬಂದ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಶರಣಪ್ಪ ಬಾಗಿಲಲ್ಲೇ ಕಾಲು ಹಿಡಿಯಲು ಬಗ್ಗಿದ. ಎಲೋಯ್ ತಡೆದ, ಎತ್ತಿ ಅಪ್ಪಿಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಶರಣಪ್ಪನಿಗೆ ಅನ್ನಿಸಿತು.

ಬಸಲಿಂಗವ್ವ ರೊಟ್ಟಿ ಬಡಿದಳು. ಅವನು ಒಂದು ತಿಂದ. "ಸಾಕ್ರಿ," ಎಂದ. ಈ ಸಲ ಅವಳು ಇನ್ನೊಂದು ಹಾಕಲಿಲ್ಲ.

ಕೈ ತೊಳೆದು ಬಂದು ಕೂತು ಎಲೋಯ್ ಕೇಳಿದ, "ಒಂದಾದರೂ ಪದ ನೆನಪಿದೆಯಾ? ಅರ್ಥ ಬೇಡ. ಸದ್ದು ಹೇಗಿತ್ತೋ ಹಾಗೇ ಹೇಳಿ, ನಾನು ತಿಳಿದುಕೊಳ್ಳುತ್ತೇನೆ."

ಶರಣಪ್ಪ ಈ ಒಂದು ತಿಂಗಳು ಮಾಡಿದ್ದು ಅದನ್ನೇ. ತಡಕಾಡಿ ತಡಕಾಡಿ ಇದ್ದದ್ದನ್ನೂ ಕಲಸಿಕೊಂಡಿದ್ದ. ಯಾವುದು ಮುದುಕ ಹೇಳಿದ್ದು, ಯಾವುದು ಎಲೋಯ್ ಮೈದಾನದಲ್ಲಿ ಕೂಗುತ್ತಿದ್ದದ್ದು, ಯಾವುದು ತಾನೇ ಕಟ್ಟಿದ್ದು, ಒಂದೂ ಬೇರೆಯಾಗುತ್ತಿರಲಿಲ್ಲ.

"ಇಲ್ಲಪಾ. ನಿನ್ನ ಹೆಸರು ಹಿಡಿದು ಕರದಾ. ಅದು ಖರೆ. ಉಳಿದದ್ದು ಬರವಲ್ದು."

ಎಲೋಯ್ ತಲೆಯಾಡಿಸಿದ.

"ಹಾಗಾದರೆ ನೀವು ಹೇಗೆ ಹೂಂ ಅಂದಿರಿ? ಅದನ್ನಾದರೂ ಅಂದು ತೋರಿಸಿ. ಅಪ್ಪ ಎಷ್ಟು ಮಾತಾಡಿದರು, ಎಲ್ಲಿ ನಿಂತರು, ಅಷ್ಟು ತಿಳಿದರೂ ಸಾಕು."

ಬಸಲಿಂಗವ್ವ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಶರಣಪ್ಪ ಕಿವಿಯ ಹತ್ತಿರ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ.

"ಹೂಂ," ಎಂದ. ಸ್ವಲ್ಪ ಬಿಟ್ಟು, "ಹೂಂ... ಹೂಂ." ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮುದುಕ ಅಲ್ಲಿ ಉದ್ದಕ್ಕೆ ಮಾತಾಡಿದ್ದ. "ಹೂಂ."

ಆ ಖಾಲಿ ಜಾಗಗಳಲ್ಲಿ ಎಲೋಯ್‌ನ ತುಟಿ ಅಲುಗುತ್ತಿತ್ತು. ಅಪ್ಪ ಆಡಿರಬಹುದಾದ ಮಾತನ್ನು ತಾನೇ ಸ್ಪ್ಯಾನಿಷಿನಲ್ಲಿ ತುಂಬುತ್ತಿದ್ದ, ಹೊಂದದೆ ಬಿಡುತ್ತಿದ್ದ, ಮತ್ತೆ ತುಂಬುತ್ತಿದ್ದ.

ಶರಣಪ್ಪ ನಡುವೆ ಕಣ್ಣು ತೆರೆದ. "ಇಲ್ಲಿ ನಾ ಹೂಂ ಅನ್ನಲಿಲ್ಲ."

"ಯಾಕೆ?"

"ಏನೋ ಕೇಳಿದಂಗಾತು. ದನಿ ಮ್ಯಾಲೆ ಹೋತು, ನಿಂತು ಕಾದಾ. ಪ್ರಶ್ನೆನಽ ಅದು. ನನಗೇನ್ ಹೇಳ್ಬೇಕು ತಿಳೀಲಿಲ್ಲ."

"ಆಮೇಲೆ?"

"ಇನ್ನೊಂದ್ ಸಲ ಕೇಳಿದಾ. ಅದನ್ನಽ ಕೇಳಿದಾ. ದನಿ ನಡಗ್ತಿತ್ತು." ಶರಣಪ್ಪ ಕಿವಿಯಿಂದ ಕೈ ಇಳಿಸಿದ. "ಆವಾಗ ಹೂಂ ಅಂದೆ."

"ಅಪ್ಪ ಏನು ಮಾಡಿದರು?"

"ನಕ್ಕಾ. ಅತ್ತನೋ ಏನೋ, ನಕ್ಕಂಗ ಕೇಳಸ್ತು. ನಿನ್ನ ಹೆಸರು ಹೇಳಿದಾ. ಫೋನ್ ಇಟ್ಟಾ."

ಎಲೋಯ್ ಮುಂದಕ್ಕೆ ಬಗ್ಗಿ ಶರಣಪ್ಪನ ಎರಡೂ ಕೈ ಹಿಡಿದುಕೊಂಡ. ಆ ಕೈಗಳನ್ನು ತನ್ನ ಹಣೆಗೆ ಒತ್ತಿಕೊಂಡು ಕೇಳಿದ, "ಶರಣಪ್ಪಾ, ನಾನು ಯಾವುದಕ್ಕೆ ಹೂಂ ಅಂದೆ?"

ಶರಣಪ್ಪ ಅವನ ತಲೆಯನ್ನೇ ನೋಡುತ್ತ ಕೂತ. ಬಾಯಿಂದ ಹೂಂ ಎಂಬ ಸದ್ದು ಕೂಡ ಹೊರಡಲಿಲ್ಲ.